ಮುಂದೆ ಕಟ್ಟುವುದೋ, ಹಿಂದೆ ಕಟ್ಟುವುದೋ

ಹಳೇ ಗಣಿ ರಸ್ತೆ, ಪೈವೋಲಾ
೧೮ ಸೆಪ್ಟೆಂಬರ್ ೧೯೮೮

ಮಗಳೇ ಐಲಾ,

ನಾನು ಕ್ಷೇಮ, ನನ್ನ ತಂಗಿ ನಿನ್ನ ಅಮ್ಮ ಕ್ಷೇಮ, ಅವಳ ಹಳದಿ ಶಾಲಾ ಬಸ್ಸೂ ಕ್ಷೇಮ. ಸೇಬಿನ ಮರವೊಂದೇ ಕ್ಷೇಮವಾಗಿಲ್ಲ. ಮೊನ್ನೆ ಕರಡಿ ಬಂದು ಕೊಂಬೆ ಮುರಿದು, ಹಣ್ಣು ತಿಂದು, ಮಿಕ್ಕದ್ದನ್ನು ತುಳಿದು ಹೋಯಿತು. ನಾನು ಬಾಗಿಲಲ್ಲಿ ನಿಂತು ಒಂದೇ ಒಂದು ಸಲ ಗದರಿಸಿದೆ ನೋಡು, ಹೋದದ್ದು ಇವತ್ತಿನವರೆಗೆ ಈ ಕಡೆ ಮುಖ ಹಾಕಿಲ್ಲ. ಅದು ತಿಂದು ಮುಗಿಸಿದ ಮೇಲೆ ಗದರಿಸಿದೆ ಎಂದು ನಿನ್ನ ಅಮ್ಮ ಹೇಳಿದರೆ ನಂಬಬೇಡ.

ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀಯ. ನಮ್ಮ ರಸ್ತೆಯ ಮೂರು ಮನೆಗೂ ಇನ್ನೂ ಒಂದೇ ಲೈನು. ನಾನು ರಿಸೀವರ್ ಎತ್ತಿದರೆ ಒಂದು ಕಿವಿಗೆ ನಿನ್ನ ಅಮ್ಮನ ಉಸಿರು ಕೇಳಿಸುತ್ತದೆ, ಅದರ ಹಿಂದೆಯೇ ಹಾರ್ವಿ ಟ್ರೆಂಬತ್‌ನ ಹೆಂಡತಿ ಪರ್ಲ್ ತಟ್ಟೆ ತೊಳೆಯುವ ಸದ್ದು. ಗಂಡಸು ಗುಟ್ಟಾಗಿ ಒಂದು ಮಾತಾಡಬೇಕೆಂದರೆ ಅಂಚೆಯವನೇ ಗತಿ.

ವಿಷಯಕ್ಕೆ ಬರುತ್ತೇನೆ. ಹಿಮ ತಳ್ಳುವ ಹಲಗೆ ಕಟ್ಟಿದ್ದ ನನ್ನ ಹಳೇ ಲಾರಿಯನ್ನು ಮಾರಿದೆ. ಅದರ ಬದಲು ಒಂದು ಪುಟ್ಟ ಟ್ರ್ಯಾಕ್ಟರ್ ಬಂದಿದೆ. ಕಿತ್ತಳೆ ಬಣ್ಣ. ಪುಟ್ಟದು ಎಂದು ನಗಬೇಡ, ನಾನು ಹತ್ತಿ ಕೂತರೆ ದೊಡ್ಡದಾಗಿ ಕಾಣುತ್ತದೆ. ಈಗ ಅದಕ್ಕೆ ಸಿಕ್ಕಿಸಲು ಹಿಮ ತೂರುವ ಯಂತ್ರ ಬೇಕು. ತಳ್ಳುವ ಕಾಲ ಮುಗಿಯಿತು ಕಣೇ. ತಳ್ಳುತ್ತ ಹೋದರೆ ಜನವರಿಯ ಹೊತ್ತಿಗೆ ಎರಡು ಬದಿಯಲ್ಲೂ ಆಳೆತ್ತರದ ಗೋಡೆ ಎದ್ದು ನಿಲ್ಲುತ್ತದೆ, ಆಮೇಲೆ ಬಿದ್ದದ್ದನ್ನು ಇಡಲು ಜಾಗವಿರುವುದಿಲ್ಲ. ಹೋದ ವರ್ಷ ಆದದ್ದೂ ಅದೇ. ಎರಡು ಬೆಳಿಗ್ಗೆ ಬಸ್ಸು ತಡವಾಯಿತು.

ನಿನ್ನ ಅಮ್ಮ ಸೈಮಾ ಹೇಳಿರಲಾರಳು, ನಾನು ಹೇಳುತ್ತೇನೆ. ಶಾಲಾ ಕಚೇರಿಯಿಂದ ಅವಳಿಗೆ ಮಾತು ಬಂದಿದೆ. ಈ ಚಳಿಗಾಲದಲ್ಲಿ ಇನ್ನೊಂದು ಸಲ ತಡವಾದರೆ, ರಾತ್ರಿ ನನ್ನ ಕೊಟ್ಟಿಗೆ ಪಕ್ಕ ನಿಲ್ಲುವ ಬಸ್ಸನ್ನು ಪೇಟೆಯ ಡಿಪೋದಲ್ಲಿ ನಿಲ್ಲಿಸಿ ಅಲ್ಲಿನ ಡ್ರೈವರನಿಗೆ ಕೊಡುತ್ತಾರಂತೆ. ಸೈಮಾ ಅದನ್ನು ಹೇಳಿ, ಕಾಫಿ ಬಗ್ಗಿಸಿ, ಕಿಟಕಿಯಾಚೆ ನೋಡುತ್ತ ಕೂತಳು. ನೀನು ಎರಡನೇ ಕ್ಲಾಸಿನಲ್ಲಿದ್ದಾಗಿಂದ ಅವಳು ಆ ಬಸ್ಸು ಓಡಿಸುತ್ತಿದ್ದಾಳೆ. ಈ ಸುತ್ತಿನಲ್ಲಿ ಅವಳ ಬಸ್ಸಿನಲ್ಲಿ ಕೂತು ಮೂಗು ಒರೆಸಿಕೊಳ್ಳದ ಒಬ್ಬನೇ ಒಬ್ಬ ಗಂಡಸಿಲ್ಲ. ನಾನು ಅಂದೆ: “ತಂಗೀ, ರಸ್ತೆ ನನಗೆ ಬಿಡು. ಈ ಸಲ ಬಸ್ಸು ತಡವಾದ್ರೆ ನನ್ನ ಹೆಸರು ಒನ್ನಿ ಅಲ್ಲ.” ಹೇಳಿಬಿಟ್ಟೆ. ಇನ್ನು ತೂರುವ ಯಂತ್ರ ಬೇಕೇ ಬೇಕು.

ನೀನು ಅಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದೀಯ. ನನಗೆ ಬೇಕಾದ್ದು ಮುಂದೆ ಕಟ್ಟುವ ಯಂತ್ರ. ಅಗಲ ಆರು ಅಡಿ. ಹಿಂದೆ ಕಟ್ಟುವುದನ್ನು ತೋರಿಸಲೇಬೇಡ. ಬೆನ್ನು ಮುಂದೆ ಮಾಡಿಕೊಂಡು ಕೆಲಸಕ್ಕೆ ಹೋಗುವುದು ಏಡಿಗೆ ಸರಿ.

ನಿನ್ನ ಮಾವ
ಒನ್ನಿ ಲಾಂಪಿನೆನ್

*

ಓ ಕ್ಲೇರ್, ವಿಸ್ಕಾನ್ಸಿನ್
೨೯ ಸೆಪ್ಟೆಂಬರ್ ೧೯೮೮

ಪ್ರೀತಿಯ ಮಾವ,

ನಿಮ್ಮ ಕಾಗದವನ್ನು ಅಂಗಡಿಯಲ್ಲೇ ಓದಿ ಜೋರಾಗಿ ನಕ್ಕುಬಿಟ್ಟೆ. ಎದುರಿಗೆ ನಿಂತಿದ್ದ ಗಿರಾಕಿ ತನ್ನನ್ನೇ ನೋಡಿ ನಕ್ಕೆನೆಂದುಕೊಂಡ.

ಆರು ಅಡಿ, ಮುಂದೆ ಕಟ್ಟುವುದು. ಇದನ್ನು ಎಲ್ಲೋ ನೋಡಿದ ಹಾಗಿದೆಯಲ್ಲ? ಹಾರ್ವಿ ಟ್ರೆಂಬತ್‌ನ ಅಂಗಳದಲ್ಲಿ! ಅವನ ಮನೆ ಮುಂದೆ ಮೆರವಣಿಗೆ ಹೊರಡಬೇಕು, ಅಷ್ಟೇ ತಾನೇ? ಮಾವ, ಹಾರ್ವಿಯ ಟ್ರ್ಯಾಕ್ಟರ್ ನಿಮ್ಮದರ ಎರಡರಷ್ಟು ದೊಡ್ಡದು. ಅದರ ಹೊಟ್ಟೆಯ ಕೆಳಗೇ ಶಾಫ್ಟು ಇದೆ, ಮುಂದಿನ ಯಂತ್ರವನ್ನು ತಿರುಗಿಸಲು. ನಿಮ್ಮದಕ್ಕೆ ಶಾಫ್ಟು ಇರುವುದು ಹಿಂದೆ ಮಾತ್ರ. ಮುಂದೆ ಕಟ್ಟಬೇಕೆಂದರೆ ಹೊಟ್ಟೆಯ ಅಡಿಯಲ್ಲಿ ಬೇರೆಯೇ ಚೌಕಟ್ಟು ಕೂರಿಸಿ, ಹಿಂದಿನಿಂದ ಮುಂದಕ್ಕೆ ಬಲ ತರಬೇಕು. ಬೆಲೆ ದುಪ್ಪಟ್ಟು. ಕೆಟ್ಟರೆ ರಿಪೇರಿಗೆ ಹಿಮದಲ್ಲಿ ಅಂಗಾತ ಮಲಗಬೇಕು.

ಹಿಂದಿನದಾದರೆ ಟ್ರ್ಯಾಕ್ಟರಿನ ಹಿಂದಿರುವ ಮೂರು ತೋಳಿಗೆ ನೇತುಹಾಕಿ, ಶಾಫ್ಟು ಸಿಕ್ಕಿಸಿದರೆ ಮುಗಿಯಿತು. ಯಂತ್ರದ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಹಿಡಿತವೂ ಚೆನ್ನ. ನಮ್ಮಲ್ಲಿ ಹತ್ತು ಜನ ಬಂದರೆ ಎಂಟು ಜನ ಅದನ್ನೇ ಒಯ್ಯುತ್ತಾರೆ. ಹಿಂದೆ ತಿರುಗಿ ನೋಡಿಕೊಂಡು, ಟ್ರ್ಯಾಕ್ಟರನ್ನು ಹಿಂದಕ್ಕೇ ಓಡಿಸುತ್ತ ಹೋಗಬೇಕು, ನಿಜ. ಅದು ವಾರದಲ್ಲಿ ರೂಢಿಯಾಗುತ್ತದೆ.

ದಯವಿಟ್ಟು ಎರಡು ವಿಷಯ ಬರೆದು ಕಳಿಸಿ. ಎಂಜಿನ್ ಎಷ್ಟು ಕುದುರೆ ಬಲದ್ದು? ಹಿಂದಿನ ಚಕ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಎಷ್ಟು ಅಗಲ? ಯಂತ್ರ ಚಕ್ರದ ಜಾಡನ್ನು ಮುಚ್ಚುವಷ್ಟು ಅಗಲವಿದ್ದರೆ ಸಾಕು. ಅದಕ್ಕಿಂತ ಅಗಲವಾದರೆ ಒದ್ದೆ ಹಿಮದಲ್ಲಿ ಎಂಜಿನ್ ಉಸಿರುಗಟ್ಟುತ್ತದೆ.

ಅಮ್ಮನ ವಿಷಯ ಹೇಳಿದ್ದು ಒಳ್ಳೆಯದಾಯಿತು. ನಿಜ ಹೇಳಬೇಕೆಂದರೆ, ಬಸ್ಸು ಪೇಟೆಗೆ ಹೋದರೆ ಅವಳಿಗೆ ಒಂದಿಷ್ಟು ವಿಶ್ರಾಂತಿ ಸಿಗಬಹುದೇನೋ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಇದನ್ನು ಅವಳಿಗೆ ಹೇಳಬೇಡಿ.

ನಿಮ್ಮ ಐಲಾ

*

ಪೈವೋಲಾ
೯ ಅಕ್ಟೋಬರ್ ೧೯೮೮

ಮಗಳೇ,

ವಿಶ್ರಾಂತಿಯಂತೆ! ಬೇಸಿಗೆ ರಜೆಯಲ್ಲಿ ಬಸ್ಸಿಲ್ಲದೆ ಅವಳು ನನ್ನ ಅಡುಗೆಮನೆಗೆ ಬಂದು ಡಬ್ಬಗಳನ್ನೆಲ್ಲ ಜಾಗ ಬದಲಿಸಿ ಹೋದಳು. ಉಪ್ಪು ಹುಡುಕಲು ನನಗೆ ಇನ್ನೂ ಅರ್ಧ ದಿನ ಬೇಕು. ಆ ಬಸ್ಸು ಅವಳ ಕೈಯಿಂದ ಹೋದರೆ ಅವಳು ಏನಾಗುತ್ತಾಳೆಂದು ನೀನು ಅಲ್ಲಿ ಕೌಂಟರಿನ ಹಿಂದೆ ನಿಂತು ಹೇಳಲಾರೆ. ನಾನು ಪಕ್ಕದ ಅಂಗಳದಲ್ಲಿದ್ದೇನೆ, ನನಗೆ ಗೊತ್ತು.

ಎಂಜಿನ್ ಮೂವತ್ತು ಕುದುರೆಯದು. ಕಾಗದದ ಮೇಲೆ ಇಪ್ಪತ್ನಾಲ್ಕು ಎಂದಿದೆ, ಉಳಿದ ಆರು ನನ್ನವು. ಚಕ್ರದ ಅಗಲ ನಾಲ್ಕೂವರೆ ಅಡಿ. ಆದರೂ ಮುಂದೆ ಕಟ್ಟುವುದೇ ಬೇಕು, ಕಾರಣ ಕೇಳು.

ಒಂದು, ನನ್ನ ಅಜ್ಜ ಕುದುರೆಯನ್ನು ಹಿಂದಕ್ಕೆ ನಡೆಸಲು ಹೋಗಿ ಬಾವಿಗೆ ಬಿದ್ದ. ಕುದುರೆ ಬೀಳಲಿಲ್ಲ. ಇನ್ನೊಂದು, ಹಿಮ ನನ್ನನ್ನು ನೋಡಿ ಹೆದರಬೇಕಾದರೆ ನನ್ನ ಮುಖ ಕಾಣಬೇಡವೇ? ಮತ್ತೆ, ಹಾರ್ವಿಯದು ಮುಂದಿದೆ ಎಂದು ನನಗೆ ಬೇಕೆನ್ನುವುದು ಶುದ್ಧ ಸುಳ್ಳು. ನನಗೆ ಬೇಕೆಂದು ಮೊದಲೇ ತಿಳಿದು ಅವನು ನನಗಿಂತ ಮುಂಚೆ ಕೊಂಡಿದ್ದಾನೆ, ಅಷ್ಟೇ.

ಹಾರ್ವಿಗೇ ರಸ್ತೆ ಬಿಟ್ಟುಕೊಡಿ ಎಂದು ನೀನು ಹೇಳುವ ಮೊದಲೇ ಹೇಳುತ್ತೇನೆ. ಅವನು ಪೇಟೆಯ ಅಂಗಡಿಗಳ ಅಂಗಳದ ಹಿಮ ತೆಗೆಯುವ ಗುತ್ತಿಗೆ ಹಿಡಿದಿದ್ದಾನೆ. ನಸುಕಿಗೇ ಹೋದವನು ನಮ್ಮ ಗಣಿ ರಸ್ತೆಗೆ ಮರಳುವಾಗ ಎಂಟಾಗಿರುತ್ತದೆ. ಬಸ್ಸು ಹೊರಡಬೇಕಾದ್ದು ಆರಕ್ಕೆ.

ಇಲ್ಲಿಯ ಸುದ್ದಿ. ಹಬೆ ಸ್ನಾನದ ನಮ್ಮ ಸೌನಾ ಮನೆಯ ಮಾಡಿಗೆ ಆಗಸ್ಟಿನಲ್ಲಿ ಹೊಸ ತಗಡು ಹೊದಿಸಿದೆ. ಹತ್ತಿದ್ದಕ್ಕಿಂತ ಬೇಗ ಇಳಿದೆ. ಈಗೀಗ ರಾತ್ರಿ ಕುರ್ಚಿಯಲ್ಲೇ ಕೂತು ಮಲಗುವುದು ಹಿತವೆನಿಸುತ್ತಿದೆ. ಮೊನ್ನೆ ನಿನ್ನ ಅಮ್ಮ ಅಂದಳು: “ಅದೇನೋ ಅಣ್ಣ, ಕರೆದ್ರೆ ತೋಳದ ಥರ ಇಡೀ ಮೈ ತಿರುಗಿಸ್ತೀಯಲ್ಲ?” “ಗತ್ತು ಕಣೇ ಅದು,” ಅಂದೆ. “ವಯಸ್ಸಾದ ಮೇಲೆ ಗಂಡಸಿಗೆ ಬರುತ್ತೆ.”

ಮುಂದೆ ಕಟ್ಟುವುದನ್ನೇ ಕಳಿಸು.

ಒನ್ನಿ ಮಾವ

*

ಓ ಕ್ಲೇರ್
೨೦ ಅಕ್ಟೋಬರ್ ೧೯೮೮

ಪ್ರೀತಿಯ ಮಾವ,

ನೀವು ಬೈದರೂ ಸರಿ, ನಾನು ತೀರ್ಮಾನ ಮಾಡಿಬಿಟ್ಟೆ. ನಿಮ್ಮ ಮಾಡೆಲಿಗೆ ಮುಂದೆ ಕಟ್ಟುವುದನ್ನು ಕೇಳಿದೆ. ಈಗ ಹೇಳಿದರೆ ಕೈಸೇರುವಾಗ ಮಾರ್ಚ್ ತಿಂಗಳಂತೆ. ಹಿಮ ಮಾರ್ಚ್‌ವರೆಗೆ ಕಾಯುವುದಿಲ್ಲ. ಹಿಂದೆ ಕಟ್ಟುವುದು ಒಂದು ಒಳ್ಳೆಯದೇ ಸಿಕ್ಕಿದೆ. ಐದು ಅಡಿ ಅಗಲ. ಒಬ್ಬ ಹಾಲಿನವನು ಎರಡು ಚಳಿಗಾಲ ಬಳಸಿ ಕೊಟ್ಟದ್ದು. ಬಾಯಲ್ಲಿ ತಿರುಗುವ ಉದ್ದ ತಿರುಪು ಹಿಮವನ್ನು ಒಳಗೆಳೆಯುತ್ತದೆ, ಹಿಂದಿನ ಬೀಸಣಿಗೆ ಅದನ್ನು ಸೊಂಡಿಲಿನಂಥ ಕೊಳವೆಯಿಂದ ಮೂವತ್ತು ಅಡಿ ಆಚೆಗೆ ತೂರುತ್ತದೆ. ನಿಮ್ಮ ಹಿಮದ ಗೋಡೆ ಎಷ್ಟೇ ಎತ್ತರವಾಗಲಿ, ಅದರಾಚೆಗೆ ಬೀಳುತ್ತದೆ. ನಮ್ಮ ಲಾರಿ ನವೆಂಬರ್ ಮೊದಲ ವಾರ ಆ ಕಡೆ ಬರುತ್ತದೆ, ಅದರಲ್ಲಿ ಕಳಿಸುತ್ತೇನೆ.

ದಯವಿಟ್ಟು ಈ ಮಾತು ಕೇಳಿ. ತಿರುಪಿನ ಬಳಿ ಒಂದು ಮೆದು ಬೋಲ್ಟು ಇದೆ. ಕಲ್ಲೋ ಕಟ್ಟಿಗೆಯೋ ಸಿಕ್ಕಿದರೆ ಮುರಿಯಲೆಂದೇ ಅದನ್ನು ಇಟ್ಟಿರುವುದು. ಅದು ಮುರಿದರೆ ಗೇರ್ ಪೆಟ್ಟಿಗೆ ಉಳಿಯುತ್ತದೆ. ಮುರಿಯಿತೆಂದು ಸಿಟ್ಟು ಬಂದು ಗಟ್ಟಿ ಬೋಲ್ಟು ಹಾಕಬೇಡಿ. ಪೆಟ್ಟಿಗೆಯಲ್ಲಿ ಒಂದು ಹಿಡಿ ಮೆದು ಬೋಲ್ಟು ಹಾಕಿದ್ದೇನೆ. ನಿಮ್ಮದು ಜಲ್ಲಿ ರಸ್ತೆ, ನೆಲ ಹೆಪ್ಪುಗಟ್ಟುವವರೆಗೆ ಯಂತ್ರದ ಬಾಯಿ ನೆಲ ಮುಟ್ಟದಂತೆ ಅದರ ಅಡಿಯ ಪಾದಗಳನ್ನು ಎರಡು ಬೆರಳು ಇಳಿಸಿ ಕಟ್ಟಿ. ಇಲ್ಲದಿದ್ದರೆ ಹಿಮದ ಜೊತೆ ಜಲ್ಲಿಯನ್ನೂ ತೂರಿ ಯಾರದ್ದಾದರೂ ಕಿಟಕಿ ಒಡೆಯುತ್ತೀರಿ.

ಯಾರಾದರೂ ನೋಡಿ ನಕ್ಕರೆ ಸೊಸೆ ಬಲವಂತ ಮಾಡಿದಳು ಎಂದು ಹೇಳಿ. ನಿಮ್ಮ ಗತ್ತಿಗೆ ಏನೂ ಆಗುವುದಿಲ್ಲ.

ಐಲಾ

*

ಪೈವೋಲಾ
೧೩ ನವೆಂಬರ್ ೧೯೮೮

ಮಗಳೇ,

ಬಂತು. ನಾನೊಬ್ಬನೇ ಇಳಿಸಿದೆ. ಲಾರಿಯವನೂ ಅವನ ಜೊತೆಯವನೂ ಸುಮ್ಮನೆ ಹಿಡಿದುಕೊಂಡಿದ್ದರು, ಅಷ್ಟೇ.

ಒಳ್ಳೆಯ ಯಂತ್ರ. ಇದನ್ನು ನಿನ್ನೆದುರು ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕಾಗದವಾದ್ದರಿಂದ ಹೇಳುತ್ತಿದ್ದೇನೆ. ಪಾದ ಎರಡು ಬೆರಳು ಇಳಿಸಿದ್ದೇನೆ. ಮೆದು ಬೋಲ್ಟುಗಳನ್ನು ತಂಬಾಕಿನ ಡಬ್ಬಿಯಲ್ಲಿ ಹಾಕಿ ಸೀಟಿನಡಿ ಇಟ್ಟಿದ್ದೇನೆ.

ಇನ್ನು ಹಿಂದೆ ನೋಡುವ ವಿಷಯ. ಕತ್ತು ತಿರುಚಿಕೊಂಡು ಓಡಿಸುವುದು ಬುದ್ಧಿಯಿಲ್ಲದವರ ಕೆಲಸ. ಮರ ಸಾಗಿಸುವ ಹಳೇ ಲಾರಿಯೊಂದರ ಎರಡು ದೊಡ್ಡ ಕನ್ನಡಿಗಳನ್ನು ತಂದು ಟ್ರ್ಯಾಕ್ಟರಿನ ಎರಡು ಬದಿಗೂ ಸರಳು ಬೆಸೆದು ಕೂರಿಸಿದ್ದೇನೆ. ಕೂತಲ್ಲೇ ಇಡೀ ರಸ್ತೆ ಕಾಣುತ್ತದೆ, ಜೊತೆಗೆ ನನ್ನ ಮುಖವೂ. ಒಂದು ಚಳಿಗಾಲ ಹೋಗಲಿ, ನಿಮ್ಮ ಅಂಗಡಿಯವರೇ ಬಂದು ಈ ವಿದ್ಯೆ ಕೇಳುತ್ತಾರೆ.

ಹಾರ್ವಿ ಬಂದು ಸುತ್ತ ನಡೆದು ನೋಡಿದ. “ಏನೋ ಒನ್ನಿ, ಕ್ಷೌರದಂಗಡಿ ಇಡ್ತೀಯೇನೋ?” ಅಂದ. “ಹ್ಞೂಂ, ಕೂತ್ಕೋ, ನಿನ್ನಿಂದಾನೇ ಶುರು,” ಅಂದೆ. ಅವನ ತಲೆಯಲ್ಲಿ ಕೂದಲಿಲ್ಲ ಎಂಬುದು ನಿನಗೆ ನೆನಪಿರಬೇಕು.

ನಿನ್ನ ಅಮ್ಮ ಕನ್ನಡಿಗಳನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಒಳಗೆ ಹೋಗಿ ಏಲಕ್ಕಿ ಹಾಕಿದ ನೀಸು ರೊಟ್ಟಿ ತಂದುಕೊಟ್ಟಳು. ಮೆಚ್ಚಿಗೆಯಾಗಿದೆ ಎಂದರ್ಥ.

ನಾಡಿದ್ದು ಜಿಂಕೆ ಬೇಟೆ ಶುರು. ಈ ವರ್ಷ ನಾನು ಹೋಗುವುದಿಲ್ಲ. ಜಿಂಕೆಗಳಿಗೂ ಒಂದು ವರ್ಷ ನೆಮ್ಮದಿ ಇರಲಿ.

ಒನ್ನಿ ಮಾವ

*

ಓ ಕ್ಲೇರ್
೧೨ ಡಿಸೆಂಬರ್ ೧೯೮೮

ಮಾವ,

ನಿನ್ನೆ ಅಮ್ಮ ಫೋನ್ ಮಾಡಿದ್ದಳು. ಶನಿವಾರ ಸೌನಾ ಮನೆಯ ಬಾಗಿಲಿಗೆ ಏನೋ ಆಯಿತಂತೆ, ಪರ್ಲ್ ಕಿಟಕಿಯಿಂದ ಕೂಗಿದಳಂತೆ. ಅಷ್ಟರಲ್ಲಿ ಲೈನಿನಲ್ಲಿ ಪರ್ಲ್‌ಳ ದನಿಯೇ ಬಂತು, “ನಾನ್ ಹೇಳ್ತೀನಿ, ನಾನ್ ಹೇಳ್ತೀನಿ” ಎಂದು. ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ನಕ್ಕು, ನನಗೆ ಏನೂ ಅರ್ಥವಾಗಲಿಲ್ಲ. ಕೊನೆಗೆ ಅಮ್ಮ ಮಾತ್ರ ನಗುವುದನ್ನು ನಿಲ್ಲಿಸಿ, “ನಿನ್ ಮಾವನ್ನೇ ಕೇಳು” ಎಂದಳು. ಕೇಳುತ್ತಿದ್ದೇನೆ.

ಐಲಾ

*

ಪೈವೋಲಾ
೧೮ ಡಿಸೆಂಬರ್ ೧೯೮೮

ಮಗಳೇ,

ದೊಡ್ಡದು ಮಾಡುವಂಥದ್ದೇನೂ ಆಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಶನಿವಾರ ಸೌನಾ ಕಾಯಿಸುವ ಸರದಿ ನಿನ್ನ ಅಮ್ಮನದು. ಮೊದಲು ಹೆಂಗಸರು, ಆಮೇಲೆ ಗಂಡಸರು. ಒಳಗೆ ಸೈಮಾ, ಪರ್ಲ್. ಸರೋವರದ ಕಡೆಯಿಂದ ಗಾಳಿ, ಹಿಟ್ಟಿನಂಥ ಹಿಮ. ಸರದಿ ಬರುವವರೆಗೆ ಸುಮ್ಮನೆ ಕೂರುವುದೇಕೆ, ಅಂಗಳ ತೆರೆದುಬಿಡೋಣ ಎಂದು ನಾನು ಟ್ರ್ಯಾಕ್ಟರ್ ಹತ್ತಿದೆ. ಯಂತ್ರ ಎಬ್ಬಿಸಿದ ಹಿಮದ ಪುಡಿ ಕನ್ನಡಿಗೆ ಒಂದು ಚೂರು ಮೆತ್ತಿಕೊಂಡಿತು. ಗಾಳಿ ಕೂಡ ದಿಕ್ಕು ಬದಲಿಸಿತು. ಸೊಂಡಿಲು ತೂರಿದ್ದೆಲ್ಲ ಸೌನಾ ಬಾಗಿಲಿಗೆ ಹೋಗಿ ಬಿತ್ತು. ಆ ಬಾಗಿಲು ಹೊರಗೆ ತೆರೆಯುವಂಥದ್ದು. ಎಂಜಿನ್ ಸದ್ದಿನಲ್ಲಿ ನನಗೆ ಬೇರೇನೂ ಕೇಳಿಸಲಿಲ್ಲ.

ಬೆಂಚಿನ ಮೇಲೆ ಕಾಯುತ್ತಿದ್ದ ಹಾರ್ವಿ ಓಡಿಬಂದು ಕೈ ಬೀಸಿದ. ನಾನೂ ಕೈ ಬೀಸಿದೆ. ಅವನು ಟೋಪಿ ತೆಗೆದು ನನ್ನ ಮೇಲೆ ಎಸೆದಾಗ ಎಂಜಿನ್ ಆರಿಸಿದೆ. ಆಗ ಕೇಳಿತು, ಆ ಪುಟ್ಟ ಕಿಟಕಿಯಿಂದ ಪರ್ಲ್‌ಳ ದನಿ.

“ಒನ್ನಿ ಲಾಂಪಿನೆನ್! ನಮ್ಮನ್ನ ಬೇಯಿಸಿ ತಿನ್ನೋ ಪ್ಲಾನೇನೋ?”

“ಪ್ಯಾಸ್ಟಿ ಕಡುಬಿನ ಥರ ಬೆಂದಿದ್ದೀಯಾ ನೋಡ್ಕೋ, ಬೆಂದಿದ್ರೆ ಹಾರ್ವಿಗೆ ಬಡಿಸ್ತೀನಿ!” ಅಂದೆ.

“ಹೊರಗೆ ಬರ್ತೀನಿ ಇರು, ನಿನ್ನ ಕನ್ನಡೀಲೇ ನಿನಗೆ ಬಡೀತೀನಿ!”

“ಬಟ್ಟೆ ಹಾಕ್ಕೊಂಡು ಬಾರೇ ತಾಯಿ, ಗಾಳಿ ಜೋರಿದೆ,” ಎಂದು ಹಾರ್ವಿ.

ಇಬ್ಬರೂ ಸೇರಿ ಅಗೆದು ಬಾಗಿಲು ಬಿಡಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಪರ್ಲ್‌ಳ ಮೈಬಣ್ಣ ಎಂದಿಗಿಂತ ಚೆನ್ನಾಗಿತ್ತು. ನಿನ್ನ ಅಮ್ಮ ಹೊರಗೆ ಬಂದವಳು ಹಿಮದ ರಾಶಿ ನೋಡಿದಳು, ಕನ್ನಡಿ ನೋಡಿದಳು. “ಒಂದು ಸಲ ಹಿಂದೆ ತಿರುಗಿ ನೋಡ್ಬಾರ್ದಿತ್ತಾ ಅಣ್ಣ?” ಎಂದು ಕೇಳಿದಳು. ಮೆಲ್ಲಗೆ. “ನೋಡ್ದೆ ಕಣೇ, ಗಾಳಿ,” ಅಂದೆ.

ತಪ್ಪು ಗಾಳಿಯದು. ಬಸ್ಸು ಈವರೆಗೆ ಒಂದು ದಿನವೂ ತಡವಾಗಿಲ್ಲ, ಅದನ್ನು ಬರೆದಿಟ್ಟುಕೋ.

ಒನ್ನಿ ಮಾವ

*

ಓ ಕ್ಲೇರ್
೨೯ ಡಿಸೆಂಬರ್ ೧೯೮೮

ಪ್ರೀತಿಯ ಮಾವ,

ಕ್ರಿಸ್ಮಸ್‌ಗೆ ಬರಲಾಗಲಿಲ್ಲ, ರಸ್ತೆ ಮುಚ್ಚಿತ್ತು. ರಜೆಯಲ್ಲಿ ಒಬ್ಬಳೇ ಕೂತು ನಿಮ್ಮ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಮೊದಲ ಸಲ ಓದಿದಾಗ ನಕ್ಕ ಜಾಗಗಳಲ್ಲಿ ಈ ಸಲ ನಗು ಬರಲಿಲ್ಲ.

ಮಾವ, ನಿಮ್ಮ ಕತ್ತು ತಿರುಗುತ್ತಿಲ್ಲ, ಅಲ್ಲವೇ? ತಗಡಿನ ಮೇಲಿಂದ ನೀವು ಇಳಿಯಲಿಲ್ಲ, ಬಿದ್ದಿರಿ. ಅದಕ್ಕೇ ಮುಂದೆ ಕಟ್ಟುವುದು ಬೇಕು ಎಂದು ಅಷ್ಟು ಹಟ ಹಿಡಿದದ್ದು. ನಾನು ಮೆರವಣಿಗೆ ಎಂದು ಹಾಸ್ಯ ಮಾಡಿದೆ.

ಅಂಗಡಿಗೆ ಬಂದವರನ್ನೆಲ್ಲ ಕೇಳುತ್ತೇನೆ. ಎಂಜಿನ್ ಎಷ್ಟು, ಚಕ್ರ ಎಷ್ಟು ಅಗಲ, ಜಲ್ಲಿಯೋ ಡಾಂಬರೋ ಎಂದು. ಸೀಟಿನ ಮೇಲೆ ಕೂರುವವರ ಮೈ ಹೇಗಿದೆ ಎಂದು ಒಬ್ಬರನ್ನೂ ಕೇಳಿದ್ದಿಲ್ಲ. ನಿಮ್ಮನ್ನೂ ಕೇಳಲಿಲ್ಲ.

ಮುಂದೆ ಕಟ್ಟುವ ಯಂತ್ರಕ್ಕೆ ಇವತ್ತೇ ಹೇಳಿದ್ದೇನೆ. ಅಂದು ಹೇಳಿದ ಮಾರ್ಚ್ ಸರಕಿನಲ್ಲೇ, ತಿಂಗಳ ನಡುವಿಗೆ ಬರುತ್ತದೆ. ಅಲ್ಲಿಯವರೆಗೆ ದಯವಿಟ್ಟು ಅಮ್ಮನಿಗೆ ನಿಜ ಹೇಳಿ. ಏನಾದರೂ ಒಂದು ದಾರಿ ಅವಳು ಯೋಚಿಸುತ್ತಾಳೆ. ಹಿಂದೆ ಏನಿದೆಯೆಂದು ಕಾಣದೆ ಆ ಕತ್ತಲಲ್ಲಿ ನೀವು ಯಂತ್ರ ಓಡಿಸುವುದನ್ನು ನೆನೆಸಿಕೊಂಡರೆ ನನಗೆ ಊಟ ಸೇರುವುದಿಲ್ಲ. ಬಸ್ಸಿಗಿಂತ ನೀವು ದೊಡ್ಡವರು.

ಐಲಾ

*

ಪೈವೋಲಾ
೮ ಜನವರಿ ೧೯೮೯

ಐಲಾ,

ಕತ್ತು ನನ್ನದು. ಡಾಕ್ಟರು ನೋಡಿದ್ದಾರೆ. ಮೂಳೆ ಕೂಡಿಕೊಂಡಿದೆ, ಕತ್ತು ತಿರುಗುವುದು ಇನ್ನು ಇಷ್ಟೇ ಎಂದರು. ನೋವು ಅಷ್ಟಿಲ್ಲ.

ನಿನ್ನ ಅಮ್ಮನಿಗೆ ಗೊತ್ತಾದರೆ ಅವಳು ನನ್ನನ್ನು ಆ ಸೀಟಿನಿಂದ ಇಳಿಸುತ್ತಾಳೆ. ನಾನು ಇಳಿದರೆ ಆರು ಗಂಟೆಗೆ ರಸ್ತೆ ತೆರೆಯುವವರು ಬೇರೆ ಯಾರೂ ಇಲ್ಲ. ಕಚೇರಿಗೆ ತಾನಾಗಿಯೇ ಹೋಗಿ ಕೀಲಿ ಕೊಟ್ಟುಬರುತ್ತಾಳೆ, ಒಂದು ಮಾತೂ ಆಡದೆ. ನನ್ನಿಂದಾಗಿ ಅದು ಆಗಕೂಡದು.

ಅವಳಿಗೆ ಹೇಳಬೇಡ. ಈ ಒಂದು ವಿಷಯದಲ್ಲಿ ನಾನು ತಮಾಷೆ ಮಾಡುತ್ತಿಲ್ಲ.

ಒನ್ನಿ

*

ಓ ಕ್ಲೇರ್
೧೯ ಜನವರಿ ೧೯೮೯

ಮಾವ,

ಹೇಳಿಲ್ಲ. ಹೇಳುವುದಿಲ್ಲ. ಆದರೆ ಅಮ್ಮ ಫೋನ್ ಮಾಡಿದಾಗ ಈಗ ನನಗೆ ಹವಾಮಾನ ಬಿಟ್ಟು ಬೇರೆ ಮಾತು ಬರುತ್ತಿಲ್ಲ. ಅವಳೂ ಹವಾಮಾನವನ್ನೇ ಮಾತಾಡುತ್ತಾಳೆ. ನೀವೂ ಅವಳೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂಬುದರಲ್ಲಿ ಅನುಮಾನವಿಲ್ಲ.

ಕನ್ನಡಿಗೆ ಒರೆಸಲು ಒಂದು ದ್ರಾವಣ ಕಳಿಸುತ್ತಿದ್ದೇನೆ. ಗಾಜಿನ ಮೇಲೆ ಹಿಮ ಅಂಟದಂತೆ ತಡೆಯುತ್ತದೆ ಎನ್ನುತ್ತಾರೆ. ನಾನು ನಂಬಿಲ್ಲ, ಆದರೂ ಹಚ್ಚಿ.

ಐಲಾ

*

ಪೈವೋಲಾ
೫ ಫೆಬ್ರವರಿ ೧೯೮೯

ಮಗಳೇ ಐಲಾ,

ಇಂದು ಭಾನುವಾರ, ಕಾಫಿ ಇದೆ, ಪುರುಸೊತ್ತಿದೆ, ಉದ್ದಕ್ಕೆ ಬರೆಯುತ್ತೇನೆ.

ಗುರುವಾರ ಮಧ್ಯಾಹ್ನ ಶುರುವಾದ ಹಿಮ ಶುಕ್ರವಾರ ನಸುಕಿಗೂ ನಿಂತಿರಲಿಲ್ಲ. ಬಾಗಿಲು ತೆಗೆದರೆ ಎದುರಿಗೆ ಬಿಳಿ ಗೋಡೆ. ನಿಮ್ಮ ಕಡೆಯಾದರೆ ಶಾಲೆಗೆ ರಜೆ. ನಮ್ಮಲ್ಲಿ ಇಷ್ಟಕ್ಕೆಲ್ಲ ರಜೆ ಕೊಟ್ಟರೆ ಮಕ್ಕಳು ಒಂದನೇ ಕ್ಲಾಸಿನಲ್ಲೇ ಮದುವೆಯ ವಯಸ್ಸಿಗೆ ಬರುತ್ತಾರೆ.

ಟ್ರ್ಯಾಕ್ಟರ್ ಹೊರಗೆ ತೆಗೆದೆ. ನಮ್ಮ ಎರಡು ಅಂಗಳದಿಂದ ಹಿಂದಕ್ಕೆ ಓಡಿಸುತ್ತ ರಸ್ತೆಯ ಅರ್ಧದವರೆಗೆ ಚೆನ್ನಾಗಿಯೇ ಹೋದೆ. ನಿನ್ನ ದ್ರಾವಣ ಹಚ್ಚಿದ್ದೆ. ಹಿಮ ಅದನ್ನು ನೆಕ್ಕಿ ಇನ್ನಷ್ಟು ಅಂಟಿಕೊಂಡಿತು. ತೋಳಿನಿಂದ ಒರೆಸುತ್ತೇನೆ, ಎರಡು ಮಾರು ಹೋಗುತ್ತೇನೆ, ಮತ್ತೆ ಕುರುಡು. ಆಮೇಲೆ ಒರೆಸುವುದನ್ನೂ ಬಿಟ್ಟೆ. ಈ ರಸ್ತೆ ನನಗೆ ಕಣ್ಣುಮುಚ್ಚಿದರೂ ಗೊತ್ತು ಎಂದುಕೊಂಡೆ. ಹಾರ್ವಿಯ ಮನೆಯ ತಿರುವಿನಲ್ಲಿ ಹಿಂದಿನ ಚಕ್ರ ಒಂದು ಕಡೆ ಎದ್ದಿತು, ಯಂತ್ರ ಏನನ್ನೋ ಕಚ್ಚಿತು. ಟಣ್ ಎಂದು ಸದ್ದು. ಸೊಂಡಿಲಿನಿಂದ ಹಿಮದ ಜೊತೆ ಕಾಗದದ ಚೂರು ಹಾರಿದವು. ಹಾರ್ವಿಯ ಅಂಚೆ ಡಬ್ಬವನ್ನು, ಒಳಗಿದ್ದ ಪತ್ರಿಕೆಯ ಸಮೇತ, ನುಂಗಿತ್ತು. ತಿರುಪು ನಿಂತಿತು. ಮೆದು ಬೋಲ್ಟು ಮುರಿದಿತ್ತು.

ಇಳಿದು ನೋಡಬೇಕು. ಇಳಿಯಲಿಲ್ಲ. ಒಂದು ಮಾರು ಆ ಕಡೆ ಹೋಗಿದ್ದರೆ ಚರಂಡಿ. ಆ ಡಬ್ಬದ ಜಾಗದಲ್ಲಿ ಒಂದು ಜೀವವಿದ್ದಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಸ್ಟಿಯರಿಂಗ್ ಹಿಡಿದು ಹಾಗೆಯೇ ಕೂತಿದ್ದೆ.

ಆಗ ಬ್ಯಾಟರಿ ಬೆಳಕು ಬಂತು. ನಿನ್ನ ಅಮ್ಮ. ಬಸ್ಸಿನ ಕೋಟು, ಮೊಣಕಾಲು ಮುಟ್ಟುವ ಬೂಟು. ಬಂದು ಮೊದಲು ಹಿಂದೆ ನೋಡಿದಳು, ಆಮೇಲೆ ನನ್ನನ್ನು.

“ಅಣ್ಣ, ಇಳಿ.”

“ಬೋಲ್ಟು ಮುರಿದಿದೆ ಅಷ್ಟೇ ಕಣೇ. ಹಾಕ್ಬಿಡ್ತೀನಿ.”

“ಹಾಕು. ಹಾಕಿ ಆಮೇಲೆ ಹತ್ಬೇಡ.”

“ಯಾಕೆ?”

“ನಿನ್ನ ಕತ್ತು ತಿರುಗಲ್ಲ.”

ನಾನು ಸೀಟಿನಡಿಯ ತಂಬಾಕಿನ ಡಬ್ಬಿ ತೆಗೆದೆ. ಆಮೇಲೆ ಕೇಳಿದೆ, “ಐಲಾ ಹೇಳಿದ್ಲಾ?”

“ಅವಳಿಗೂ ಗೊತ್ತಾ?” ಎಂದಳು ನಿನ್ನ ಅಮ್ಮ. “ನಂಗೆ ಆಗಸ್ಟಿಂದ ಗೊತ್ತು. ನೀನು ತಗಡಿನ ಮೇಲಿಂದ ಬಿದ್ದಿದ್ದನ್ನ ಅಡುಗೆಮನೆ ಕಿಟಕೀಲಿ ನೋಡ್ದೆ.”

“ನೋಡಿ ಸುಮ್ನಿದ್ಯಾ?”

“ನೀನು ಎದ್ದು ಬಟ್ಟೆ ಕೊಡವಿಕೊಂಡು ಸಿಳ್ಳೆ ಹಾಕ್ತಾ ಹೋದೆ. ನೀನೇ ಹೇಳ್ಲಿ ಅಂತ ಕಾದೆ. ಹಿಂದಕ್ಕೆ ಓಡಿಸೋ ಯಂತ್ರ ಬಂ‌ದಾಗ, ಇನ್ನು ಬಾಯಿ ಬಿಡ್ಲೇಬೇಕಲ್ಲ ಇವ್ನು, ಅಂದ್ಕೊಂಡೆ. ನೀನು ಕನ್ನಡಿ ತಂದೆ.”

“ನೀನು ನೀಸು ಕೊಟ್ಯಲ್ಲೇ! ಮೆಚ್ಚಿದೆ ಅಂತ ಅಂದ್ಕೊಂಡೆ.”

“ತಿಂತಾ ಕೂತ್ರಾದ್ರೂ ಹೇಳ್ತೀಯಾ ಅಂತ ಕೊಟ್ಟೆ. ತಿಂದು ಎದ್ದು ಹೋದೆ.”

ಐಲಾ, ನಮ್ಮಲ್ಲಿ ಹೀಗೇ. ಪಕ್ಕದ ಮನೆಗೆ ಬೆಂಕಿ ಬಿದ್ದರೂ, ಅವರು ಬಂದು ಹೇಳಲಿ ಎಂದು ನೀರಿನ ಬಿಂದಿಗೆ ಹಿಡಿದು ಬಾಗಿಲಲ್ಲಿ ಕಾಯುತ್ತೇವೆ. ಆರು ತಿಂಗಳು ನಾನೊಂದು ಕಡೆ ಮುಚ್ಚಿಟ್ಟೆ, ಅವಳೊಂದು ಕಡೆ ಕಾದಳು.

ಅವಳು ಬೆಳಕು ಹಿಡಿದಳು, ನಾನು ಡಬ್ಬದ ತಗಡು ಕಿತ್ತು ಹೊಸ ಬೋಲ್ಟು ಹಾಕಿದೆ. ಗೇರ್ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ನಾನು ಏಳುವಷ್ಟರಲ್ಲಿ ಅವಳು ಸೀಟಿನ ಮೇಲಿದ್ದಳು. “ಇದನ್ಯಾವತ್ತು ಓಡಿಸಿದ್ದೀಯೇ?” ಅಂದೆ. “ನಲವತ್ತಡಿ ಬಸ್ಸನ್ನ ದಿನಾ ನಿನ್ನ ಕೊಟ್ಟಿಗೆ ಪಕ್ಕ ಹಿಂದಕ್ಕೆ ಹಾಕೋರು ಯಾರು?” ಅಂದಳು. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಕೈ ಚಕ್ರದ ಮಡ್‌ಗಾರ್ಡಿನ ಮೇಲೆ, ಗೂಬೆಯ ಹಾಗೆ ತಲೆ ಪೂರ್ತಿ ಹಿಂದಕ್ಕೆ. ಸದ್ದು ಕೇಳಿಯೇ ತಿಳಿಯಿತು, ನನಗಿಂತ ನಿಧಾನ, ನನಗಿಂತ ಚೊಕ್ಕ. ಕನ್ನಡಿಗಳತ್ತ ಅವಳು ನೋಡಲೇ ಇಲ್ಲ.

ನಾನು ರಸ್ತೆಯ ನಡುವೆ ನಿಂತಿದ್ದೆ. ಇಷ್ಟು ಚಳಿಗಾಲ ಈ ರಸ್ತೆ ತೆರೆದವನು, ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆಮೇಲೆ ಬಸ್ಸಿನ ನೆನಪಾಯಿತು. ನಡೆದುಹೋಗಿ ಅದರ ಎಂಜಿನ್ ಶುರು ಮಾಡಿದೆ, ಒಳಗೆ ಹೀಟರ್ ಹಾಕಿದೆ, ಗಾಜು ಕೆರೆದೆ, ಮೆಟ್ಟಿಲ ಮೇಲಿನ ಹಿಮ ಗುಡಿಸಿದೆ. ಅವಳು ಹೆದ್ದಾರಿವರೆಗೆ ತೆರೆದು ಬಂದು, ಟ್ರ್ಯಾಕ್ಟರ್ ಬಿಟ್ಟು ಬಸ್ಸು ಹತ್ತಿದಳು. ಹತ್ತಿ, ಒಳಗಿನ ಬಿಸಿಗೆ ಕೈಗವಸು ತೆಗೆದು, ನನ್ನನ್ನು ನೋಡಿ ತಲೆ ಆಡಿಸಿದಳು. ಹೊರಟುಹೋದಳು. ಮೊದಲ ಸ್ಟಾಪಿನಲ್ಲಿ ಮಕ್ಕಳು ಇನ್ನೂ ಮನೆಯಿಂದ ಹೊರಗೇ ಬಂದಿರಲಿಲ್ಲವಂತೆ, ಹಾರ್ನ್ ಹೊಡೆದು ಕರೆದಳಂತೆ.

ಅವತ್ತು ಸಾಯಂಕಾಲ ಶಾಲಾ ಕಚೇರಿಯವರು ಫೋನ್ ಮಾಡಿದರು. ಸುತ್ತಿನ ಎಲ್ಲ ಬಸ್ಸುಗಳಲ್ಲಿ ಶುಕ್ರವಾರ ಹೊತ್ತಿಗೆ ಸರಿಯಾಗಿ ಬಂದದ್ದು ನಿನ್ನ ಅಮ್ಮನದೊಂದೇ ಅಂತೆ. ಡಿಪೋದ ಮಾತು ಇನ್ನು ಎತ್ತುವುದಿಲ್ಲವಂತೆ. ಮೂರು ಮನೆಯವರೂ ಒಟ್ಟಿಗೆ ಕೇಳಿಸಿಕೊಂಡೆವು. ಪರ್ಲ್ ಲೈನಿನಲ್ಲೇ ಚಪ್ಪಾಳೆ ತಟ್ಟಿದಳು.

ಹಾರ್ವಿಗೆ ಹೊಸ ಅಂಚೆ ಡಬ್ಬ ಮಾಡಿಕೊಟ್ಟೆ. “ಡ್ರೈವರ್ ಇಟ್ಕೊಂಡಿದ್ದೀಯಂತಲ್ಲೋ ಒನ್ನಿ?” ಅಂದ. “ಹ್ಞೂಂ, ಕಲಿಸಿದ್ದು ನಾನೇ,” ಅಂದೆ. ಸೈಮಾ ಅಲ್ಲೇ ನಿಂತಿದ್ದಳು. ಸುಮ್ಮನಿದ್ದಳು, ಪುಣ್ಯಾತ್ಮೆ.

ಈಗ ಕೆಲಸದ ಮಾತು. ಮುಂದೆ ಕಟ್ಟುವ ಯಂತ್ರ ಬೇಡವೆಂದು ಹೇಳಿಬಿಡು. ನಿನ್ನ ಅಮ್ಮನನ್ನು ಕೇಳಿದೆ. ಹಿಂದಿನದೇ ಒಳ್ಳೆಯದು, ಭಾರ ಹಿಂದಿನ ಚಕ್ರದ ಮೇಲಿದ್ದು ಹಿಡಿತ ಚೆನ್ನ ಎಂದಳು. ದಿನಾ ಓಡಿಸುವವಳು ಅವಳು, ಅವಳ ಮಾತೇ ಕೊನೆ. ಗ್ರೀಸು, ಬೋಲ್ಟು, ಬಸ್ಸಿನ ಬಿಸಿ, ಇವು ನನ್ನವು.

ಒಂದೇ ತೊಂದರೆ. ಸೊಂಡಿಲು ತಿರುಗಿಸುವ ಹಿಡಿಕೆ ಉದ್ದ ತೋಳಿನವರಿಗೆ ಮಾಡಿದ್ದು. ಅವಳು ಪ್ರತಿ ಸಲವೂ ಸೀಟಿನಿಂದ ಅರ್ಧ ಏಳಬೇಕಾಗುತ್ತದೆ. ಅದಕ್ಕೊಂದು ಉದ್ದ ಸರಳು ಕಳಿಸು, ತುದಿಯಲ್ಲಿ ಗುಂಡಗಿನ ಹಿಡಿ ಇರಲಿ. ಹದಿನಾಲ್ಕು ಅಂಗುಲ. ಇವತ್ತು ಬೆಳಿಗ್ಗೆ ಅವಳನ್ನು ಕೂರಿಸಿ, ಕೈ ಚಾಚಲು ಹೇಳಿ ಅಳೆದಿದ್ದೇನೆ.

ನಿನ್ನ ಮಾವ
ಒನ್ನಿ